ತಂಡ ಕಟ್ಟಿದವರನ್ನು ಅಳೆಯುವುದು ಹೇಗೆ? ಸ್ಯಾಮ್ ಪ್ರೆಸ್ಟಿ ಮತ್ತು ಓಕ್ಲಹೋಮ ಸಿಟಿ ಥಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳು ನಮ್ಮಲ್ಲಿ ಬೆಳಗಿನ ಹೊತ್ತಿಗೆ ನಡೆಯುತ್ತವೆ. ತಿಂಡಿಯ ವೇಳೆಗೆ ವಾದ ಶುರುವಾಗಿರುತ್ತದೆ. ಆ ವಾದದಲ್ಲಿ ಆಟಗಾರರಿಗೂ ಕೋಚ್‌ಗೂ ಸಿಗುವ ಬೈಗುಳ, ಹೊಗಳಿಕೆಯಲ್ಲಿ ಜನರಲ್ ಮ್ಯಾನೇಜರ್‌ಗೆ ಪಾಲು ಸಿಗುವುದು ಎರಡೇ ಸಂದರ್ಭಗಳಲ್ಲಿ: ತಂಡ ಕಪ್ ಗೆದ್ದಾಗ ಮತ್ತು ತಂಡ ಹಾಳಾದಾಗ. ನಡುವಿನ ಹತ್ತಾರು ವರ್ಷಗಳ ಕೆಲಸವನ್ನು ಅಳೆಯುವುದು ಹೇಗೆ ಎಂದು ಕೇಳುವವರಿಗಾಗಿ ಈ ಪ್ರಶ್ನೋತ್ತರ. ಉದಾಹರಣೆ, ಥಂಡರ್ ತಂಡದ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ.

ಜನರಲ್ ಮ್ಯಾನೇಜರ್ ಅಂದರೆ ಯಾರು? ಕೋಚ್ ಬೇರೆ, ಇವರು ಬೇರೆಯೇ?

ಬೇರೆ. ಪಟ್ಟಿಯಲ್ಲಿರುವ ಆಟಗಾರರನ್ನು ಆಡಿಸುವವರು ಕೋಚ್. ಆ ಪಟ್ಟಿಯಲ್ಲಿ ಯಾರಿರಬೇಕು, ಎಷ್ಟು ಸಂಬಳಕ್ಕೆ, ಎಷ್ಟು ವರ್ಷಕ್ಕೆ ಎಂದು ತೀರ್ಮಾನಿಸುವವರು ಜನರಲ್ ಮ್ಯಾನೇಜರ್. ಸಾಮಾನ್ಯವಾಗಿ ಕೋಚ್‌ರನ್ನು ನೇಮಿಸುವವರೂ ಅವರೇ.

ಐಪಿಎಲ್ ಹರಾಜಿನ ಹಾಗೆಯೇ ಆಟಗಾರರನ್ನು ಕೊಳ್ಳುತ್ತಾರೆಯೇ?

ಇಲ್ಲ, ಮತ್ತು ಈ ವ್ಯತ್ಯಾಸ ಗೊತ್ತಿಲ್ಲದೆ ಮುಂದಿನ ಯಾವ ಉತ್ತರವೂ ಅರ್ಥವಾಗುವುದಿಲ್ಲ. ಐಪಿಎಲ್‌ನಲ್ಲಿ ಹೆಚ್ಚು ಕೂಗಿದವರಿಗೆ ಆಟಗಾರ. ಎನ್‌ಬಿಎಯಲ್ಲಿ ಹೊಸಬರು ಡ್ರಾಫ್ಟ್ ಮೂಲಕ ಬರುತ್ತಾರೆ. ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಪ್ಲೇಆಫ್ ತಲುಪದ 14 ತಂಡಗಳ ನಡುವೆ ಲಾಟರಿ ಎತ್ತಿ ಮೊದಲ ನಾಲ್ಕು ಸರದಿಗಳನ್ನು ನಿರ್ಧರಿಸುತ್ತಾರೆ. ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ. 2019ರ ಡ್ರಾಫ್ಟ್‌ವರೆಗೂ ಕೊನೆಯ ಸ್ಥಾನದ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ ಶೇ 25 ಇತ್ತು. ಆ ವರ್ಷದಿಂದ ಕೊನೆಯ ಮೂರು ತಂಡಗಳಿಗೆ ತಲಾ ಶೇ 14 ಮಾಡಿದರು.

ಈ ಸರದಿಗೆ ಪಿಕ್ ಎನ್ನುತ್ತಾರೆ. ಅದನ್ನು ಆಟಗಾರರಂತೆಯೇ ವಿನಿಮಯ ಮಾಡಬಹುದು, ಏಳು ವರ್ಷ ಮುಂಚಿತವಾಗಿಯೂ. ಬೇಕಾಬಿಟ್ಟಿ ಮಾರುವಂತಿಲ್ಲ ಅಷ್ಟೇ: ಮುಂದಿನ ಎರಡು ಸತತ ವರ್ಷಗಳಲ್ಲಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಯಾರೂ ಮಾಡಿಕೊಳ್ಳಬಾರದು. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕರಾಗಿದ್ದ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ಚೆಲ್ಲಾಡಿದ್ದರಿಂದ ಬಂದ ನಿಯಮ ಇದು. ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅಮರತ್ವಕ್ಕೆ ಎಷ್ಟು ಬಗೆಯ ದಾರಿಗಳಿವೆ ನೋಡಿ.

ಇದರ ಜೊತೆಗೆ ಸಂಬಳದ ಮಿತಿ. ತಂಡದ ಒಟ್ಟು ಸಂಬಳಕ್ಕೂ ಮಿತಿಯಿದೆ, ಒಬ್ಬ ಆಟಗಾರನ ಸಂಬಳಕ್ಕೂ ಗರಿಷ್ಠ ಮಿತಿಯಿದೆ, ಡ್ರಾಫ್ಟ್‌ನಿಂದ ಬಂದ ಹೊಸಬರ ಸಂಬಳವಂತೂ ಮೊದಲೇ ನಿಗದಿಯಾಗಿರುತ್ತದೆ. ಹೀಗಾಗಿ ಅಸಾಧಾರಣ ಆಟಗಾರ ತನ್ನ ಯೋಗ್ಯತೆಗಿಂತ ಕಡಿಮೆ ಸಂಬಳ ಪಡೆಯುತ್ತಾನೆ, ಚೆನ್ನಾಗಿ ಆಡುವ ಹೊಸಬ ಇನ್ನೂ ಕಡಿಮೆ. ಜನರಲ್ ಮ್ಯಾನೇಜರ್‌ಗೆ ಲಾಭ ಹುಟ್ಟುವುದು ಈ ಅಂತರದಲ್ಲಿ.

ಇಷ್ಟು ಮಂದಿಯಲ್ಲಿ ಸ್ಯಾಮ್ ಪ್ರೆಸ್ಟಿಯವರನ್ನೇ ಏಕೆ ಉದಾಹರಣೆಯಾಗಿ ತೆಗೆದುಕೊಳ್ಳಬೇಕು?

ಅವರ ಕಡತ ಉದ್ದವಾಗಿದೆ, ಅದರಲ್ಲಿ ಎಲ್ಲವೂ ಇದೆ. ಸ್ಯಾನ್ ಆಂಟೋನಿಯೊ ಸ್ಪರ್ಸ್‌ನಲ್ಲಿ ಇಂಟರ್ನ್ ಆಗಿ ಶುರುಮಾಡಿ, 2007ರಲ್ಲಿ ಸಿಯಾಟಲ್ ಸೂಪರ್‌ಸಾನಿಕ್ಸ್‌ನ ಜನರಲ್ ಮ್ಯಾನೇಜರ್ ಆದರು. ಮರುವರ್ಷ ಆ ತಂಡ ಓಕ್ಲಹೋಮ ಸಿಟಿಗೆ ಹೋಗಿ ಥಂಡರ್ ಆಯಿತು. ಮೂರು ಸತತ ಡ್ರಾಫ್ಟ್‌ಗಳಲ್ಲಿ ಅವರು ಆರಿಸಿದ ಮೂವರು, 2007ರಲ್ಲಿ ಕೆವಿನ್ ಡ್ಯುರಾಂಟ್, 2008ರಲ್ಲಿ ರಸೆಲ್ ವೆಸ್ಟ್‌ಬ್ರೂಕ್, 2009ರಲ್ಲಿ ಜೇಮ್ಸ್ ಹಾರ್ಡನ್, ಮುಂದೆ ಮೂವರೂ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. ಆದರೂ ಮೂವರೂ ಸೇರಿ ಆ ಊರಿಗೆ ಒಂದು ಕಪ್ಪನ್ನೂ ತರಲಿಲ್ಲ. 2012ರ ಫೈನಲ್‌ನಲ್ಲಿ ಮಯಾಮಿಗೆ 4-1ರಿಂದ ಸೋತದ್ದೇ ಎತ್ತರದ ಮೆಟ್ಟಿಲು. ಆಮೇಲೆ ತಂಡ ಕಳಚಿತು, ಪ್ರೆಸ್ಟಿ ಮತ್ತೊಮ್ಮೆ ಕಟ್ಟಿದರು, 2025ರಲ್ಲಿ ಕಪ್ ಬಂತು. ಒಬ್ಬರೇ ವ್ಯಕ್ತಿ, ಒಂದೇ ಸಂಸ್ಥೆ, ಎರಡು ತಂಡಗಳು.

ಕಪ್ ಗೆದ್ದಾಯಿತಲ್ಲ, ಇನ್ನು ಅಳೆಯುವುದೇನಿದೆ?

ಗೆದ್ದೆತ್ತಿನ ಬಾಲ ಹಿಡಿಯಲು ಯಾರಿಗೂ ತರಬೇತಿ ಬೇಕಿಲ್ಲ. 2025ರ ಫೈನಲ್ ಏಳನೆಯ ಪಂದ್ಯದವರೆಗೆ ಹೋಯಿತು. ಆ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಇಂಡಿಯಾನಾ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಹಿಮ್ಮಡಿಯ ಸ್ನಾಯುರಜ್ಜು ಹರಿದು ಅಂಗಣ ಬಿಟ್ಟರು. ಅದಕ್ಕೂ ಮೊದಲು ಎರಡನೆಯ ಸುತ್ತಿನಲ್ಲಿ ಡೆನ್ವರ್ ಕೂಡ ಥಂಡರ್ ತಂಡವನ್ನು ಏಳನೆಯ ಪಂದ್ಯದವರೆಗೆ ಎಳೆದಿತ್ತು. ಆ ಸ್ನಾಯುರಜ್ಜು ಹರಿಯದೆ, ಇಂಡಿಯಾನಾ ಗೆದ್ದುಬಿಟ್ಟಿದ್ದರೆ ಪ್ರೆಸ್ಟಿ ಕಟ್ಟಿದ ತಂಡ ಕೆಟ್ಟದಾಗಿಬಿಡುತ್ತಿತ್ತೇ?

ನನ್ನ ಮಟ್ಟಿಗೆ ಕಪ್ಪಿಗಿಂತ ಗಟ್ಟಿಯಾದ ಸಾಕ್ಷ್ಯ 82 ಪಂದ್ಯಗಳ ಲೀಗ್ ಹಂತದ್ದು. 2024-25ರಲ್ಲಿ ಥಂಡರ್ 68 ಗೆದ್ದು 14 ಸೋತಿತು. ಸರಾಸರಿ ಗೆಲುವಿನ ಅಂತರ ಪಂದ್ಯಕ್ಕೆ ಸುಮಾರು 12.9 ಅಂಕ, ಎನ್‌ಬಿಎ ಇತಿಹಾಸದಲ್ಲೇ ಅತಿ ಹೆಚ್ಚು. 1971-72ರ ಲಾಸ್ ಏಂಜಲೀಸ್ ಲೇಕರ್ಸ್ ದಾಖಲೆ ಅಲ್ಲಿಯವರೆಗೆ ಅಲುಗಾಡಿರಲಿಲ್ಲ. ಒಂದು ರಾತ್ರಿಯ ಅದೃಷ್ಟ ಅಷ್ಟು ದೂರ ಕೊಂಡೊಯ್ಯಲಾರದು.

ಸೋತು ಸೋತು ಒಳ್ಳೆಯ ಪಿಕ್ ಪಡೆದು ಗೆದ್ದರು ಎನ್ನುತ್ತಾರೆ. ಅದು ನಿಜವೇ?

ಅರ್ಧ ನಿಜ, ಅದೂ ಸಣ್ಣ ಅರ್ಧ. ಬೇಕೆಂದೇ ದುರ್ಬಲ ತಂಡ ಇಳಿಸುವುದಕ್ಕೆ ಅಲ್ಲಿ ಟ್ಯಾಂಕಿಂಗ್ ಎನ್ನುತ್ತಾರೆ. ಥಂಡರ್ ಅದನ್ನು ಮಾಡಲಿಲ್ಲ ಎಂದು ವಾದಿಸುವವರ ಜೊತೆ ನಾನಿಲ್ಲ. 2020-21ರಲ್ಲಿ 22 ಗೆಲುವು, 50 ಸೋಲು. ಆ ಮಾರ್ಚ್‌ನಲ್ಲಿ, ಆಡಲು ಯಾವ ತೊಂದರೆಯೂ ಇಲ್ಲದ ಅಲ್ ಹಾರ್ಫರ್ಡ್ ಅವರನ್ನು ಉಳಿದ ಋತುವಿಡೀ ಕೂರಿಸಿದರು. ಅವರು ಮುಂದಿನ ವರ್ಷ ಬಾಸ್ಟನ್ ತಂಡದಲ್ಲಿ ಫೈನಲ್ ಆಡಿದರು. 2021-22ರಲ್ಲಿ 24 ಗೆಲುವು, 58 ಸೋಲು. 2021ರ ಡಿಸೆಂಬರ್ 2ರಂದು ಮೆಂಫಿಸ್ ಎದುರು 152-79ರ ಸೋಲು, 73 ಅಂಕಗಳ ಅಂತರದ ಆ ಸೋಲು ಲೀಗಿನ ಇತಿಹಾಸದಲ್ಲೇ ದೊಡ್ಡದು.

ಈಗ 2025ರಲ್ಲಿ ಕಪ್ ಗೆದ್ದ ತಂಡದ ಮುಖ್ಯ ಐವರನ್ನು ಒಬ್ಬೊಬ್ಬರಾಗಿ ನೋಡೋಣ. ಶೇ ಗಿಲ್ಜಸ್ ಅಲೆಕ್ಸಾಂಡರ್ ಬಂದದ್ದು ವಿನಿಮಯದಲ್ಲಿ. ಜೇಲನ್ ವಿಲಿಯಮ್ಸ್ 2022ರ 12ನೆಯ ಪಿಕ್. ಆ ಪಿಕ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡದ್ದು, ಥಂಡರ್ ಸೋತು ಗಳಿಸಿದ್ದಲ್ಲ. ಲೂ ಡಾರ್ಟ್ ಅವರನ್ನು 2019ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲೇ ಇಲ್ಲ. ಐಸಾಯಾ ಹಾರ್ಟೆನ್‌ಸ್ಟೈನ್ ಹಳೆಯ ಒಪ್ಪಂದ ಮುಗಿದು ಮುಕ್ತ ಆಟಗಾರರಾಗಿ ಸಹಿ ಹಾಕಿದವರು. ಉಳಿದವರು ಚೆಟ್ ಹೋಮ್‌ಗ್ರೆನ್: 2022ರ ಎರಡನೆಯ ಪಿಕ್, ಥಂಡರ್ ಸೋತ ಫಲ. ಐವರಲ್ಲಿ ಒಬ್ಬರು. 2021ರಲ್ಲಿ ಅಷ್ಟು ಸೋತರೂ ಲಾಟರಿ ಕೈಕೊಟ್ಟು ಸಿಕ್ಕಿದ್ದು ಆರನೆಯ ಸರದಿ. ಆ ಪಿಕ್‌ನಲ್ಲಿ ಬಂದ ಜಾಶ್ ಗಿಡಿ ಕಪ್ ಬರುವ ಹೊತ್ತಿಗೆ ಷಿಕಾಗೋದಲ್ಲಿದ್ದರು. ಸೋಲಿನ ಸಿದ್ಧಾಂತಕ್ಕೆ ಇದಕ್ಕಿಂತ ಹೆಚ್ಚಿನ ಪಾಲು ಕೊಡಲು ನನಗೆ ಮನಸ್ಸಿಲ್ಲ.

ಇನ್ನೊಂದು ಮಾತು. 2022-23ರಲ್ಲಿ ಹೋಮ್‌ಗ್ರೆನ್ ಪಾದದ ಗಾಯದಿಂದ ಇಡೀ ಋತು ಆಡಲಿಲ್ಲ. ಎಲ್ಲ ತಂಡಗಳೂ ಬಯಸಿದ್ದ ವಿಕ್ಟರ್ ವೆಂಬನ್ಯಾಮ ಡ್ರಾಫ್ಟ್‌ಗೆ ಬರುವ ವರ್ಷ ಅದು. ಇನ್ನೊಂದು ವರ್ಷ ಸೋಲಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಥಂಡರ್ 40 ಪಂದ್ಯ ಗೆದ್ದಿತು. ಆಟ ಕೂಡಿಬರುತ್ತಿದ್ದ ತಂಡದ ಕಾಲಿಗೆ ಅಡ್ಡಗೋಲು ಹಾಕಲಿಲ್ಲ.

ಫಿಲಡೆಲ್ಫಿಯಾದ ಸ್ಯಾಮ್ ಹಿಂಕಿ ಮಾಡಿದ್ದೂ ಇದನ್ನೇ ಅಲ್ಲವೇ? ಅವರಿಗೇಕೆ ಕೆಟ್ಟ ಹೆಸರು?

ಹಿಂಕಿ 2013ರಲ್ಲಿ ಅಧಿಕಾರ ವಹಿಸಿಕೊಂಡು, ಡ್ರಾಫ್ಟ್ ರಾತ್ರಿಯೇ ತಂಡದ ಉತ್ತಮ ಆಟಗಾರ ಜ್ರೂ ಹಾಲಿಡೇ ಅವರನ್ನು ಕೊಟ್ಟು ನರ್ಲೆನ್ಸ್ ನೋಯೆಲ್ ಮತ್ತು ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ತಂದರು. ಮುಂದಿನ ಮೂರು ಋತುಗಳಲ್ಲಿ ಗೆಲುವುಗಳು 19, 18, 10. ಸೋಲೇ ಯೋಜನೆಯ ಬೆನ್ನೆಲುಬು ಎಂಬುದನ್ನು ಅವರು ಬಚ್ಚಿಡಲಿಲ್ಲ. ಲೀಗಿಗೆ, ಬೇರೆ ಮಾಲೀಕರಿಗೆ, ಆಟಗಾರರ ಏಜೆಂಟರಿಗೆ ಸಿಟ್ಟು ಬಂತು. 2015ರ ಡಿಸೆಂಬರ್‌ನಲ್ಲಿ ಹಿರಿಯ ಆಡಳಿತಗಾರ ಜೆರ್ರಿ ಕೊಲಾಂಜೆಲೊ ಅವರನ್ನು ಮೇಲೆ ತಂದು ಕೂರಿಸಲಾಯಿತು. 2016ರ ಏಪ್ರಿಲ್‌ನಲ್ಲಿ ಹಿಂಕಿ 13 ಪುಟಗಳ ಪತ್ರ ಬರೆದು ರಾಜೀನಾಮೆ ಕೊಟ್ಟರು. 13 ಪುಟ! ನಮ್ಮಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಕೆಲಸ.

ಅವರ ವಿನಿಮಯಗಳು ಬಹುಪಾಲು ಚಾಣಾಕ್ಷವಾಗಿದ್ದವು. 2015ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಸಂಬಳದ ಭಾರ ಇಳಿಸಿಕೊಳ್ಳಲು ಹೊರಟಾಗ, ಹೆಚ್ಚುಕಡಿಮೆ ಏನನ್ನೂ ಕೊಡದೆ ಒಂದು ಮೊದಲ ಸುತ್ತಿನ ಪಿಕ್ ಮತ್ತು ಎರಡು ವರ್ಷ ತಮ್ಮ ಪಿಕ್ ಕೊಟ್ಟು ಅವರ ಮೇಲಿನ ಪಿಕ್ ಪಡೆಯುವ ಅದಲುಬದಲಿನ ಹಕ್ಕು ಪಡೆದರು. ಅದನ್ನು ಹಾಳುಮಾಡಿದವರು ನಂತರ ಬಂದವರು: 2017ರಲ್ಲಿ ಮೂರನೆಯ ಪಿಕ್ ಜೊತೆಗೆ ಮುಂದಿನ ಒಂದು ಪಿಕ್ಕನ್ನೂ ಬಾಸ್ಟನ್‌ಗೆ ಕೊಟ್ಟು, ಮೊದಲ ಪಿಕ್ ಪಡೆದು ಮಾರ್ಕೆಲ್ ಫುಲ್ಟ್ಸ್ ಅವರನ್ನು ಆರಿಸಿದರು. ಆ ಮೂರನೆಯ ಪಿಕ್‌ನಲ್ಲಿ ಬಾಸ್ಟನ್ ಆರಿಸಿದ್ದು ಮುಂದೆ ದೊಡ್ಡ ತಾರೆಯಾದ ಜೇಸನ್ ಟೇಟಮ್ ಅವರನ್ನು.

ಹಿಂಕಿಯವರ ತಪ್ಪು ಬೇರೆ ಕಡೆ ಇತ್ತು. ನೋಯೆಲ್, ಜೋಯಲ್ ಎಂಬೀಡ್, ಜಲೀಲ್ ಒಕಾಫರ್: ಮೂರು ವರ್ಷ ಸತತವಾಗಿ ಒಂದೇ ಜಾಗಕ್ಕೆ ಮೂವರು ಎತ್ತರದ ಆಟಗಾರರು. ಎಂಬೀಡ್ 2023ರಲ್ಲಿ ಅತ್ಯಮೂಲ್ಯ ಆಟಗಾರರಾದರು, ಸರಿ. ಆದರೆ ಆ ಅಂಗಣದಲ್ಲಿ ಹೊಸಬರಿಗೆ ಆಟ ಕಲಿಸುವ ಹಿರಿಯರೇ ಇರಲಿಲ್ಲ. ಓಕ್ಲಹೋಮದಲ್ಲಿ ಸೋಲುವ ವರ್ಷಗಳಲ್ಲೂ ಗಿಲ್ಜಸ್ ಅಲೆಕ್ಸಾಂಡರ್, ಡಾರ್ಟ್ ಇದ್ದರು. ಯಾರ ಸುತ್ತ ಕಟ್ಟುತ್ತಿದ್ದೇವೆ ಎಂಬುದು ತಿಳಿದಿತ್ತು. ಫಿಲಡೆಲ್ಫಿಯಾ ಪಿಕ್ ಹಿಡಿದುಕೊಂಡು ಆ ಮನುಷ್ಯನಿಗಾಗಿ ಕಾಯುತ್ತಿತ್ತು.

ಒಂದು ವಿನಿಮಯವನ್ನು ಅಳೆಯುವಾಗ ಏನೇನು ನೋಡಬೇಕು?

ಆ ದಿನಕ್ಕೆ ಹಿಂದಿರುಗಬೇಕು. ಅಂದು ಗೊತ್ತಿದ್ದದ್ದೇನು, ಬೇರೆ ದಾರಿ ಏನಿತ್ತು, ಎದುರಿನವರಿಗೆ ಎಷ್ಟು ಅವಸರವಿತ್ತು?

2019ರ ಜುಲೈ ತೆಗೆದುಕೊಳ್ಳಿ. ಥಂಡರ್‌ನ ಪಾಲ್ ಜಾರ್ಜ್ ತನ್ನನ್ನು ಕ್ಲಿಪ್ಪರ್ಸ್‌ಗೆ ಕಳುಹಿಸಿ ಎಂದು ಕೇಳಿದರು. ಆಗಷ್ಟೇ ಟೊರಾಂಟೊಗೆ ಕಪ್ ಗೆದ್ದುಕೊಟ್ಟಿದ್ದ ಕವಾಯ್ ಲೆನರ್ಡ್ ಕ್ಲಿಪ್ಪರ್ಸ್ ಸೇರುವುದು ಜಾರ್ಜ್ ಬರುವುದರ ಮೇಲೆ ನಿಂತಿತ್ತು. ಅಂದರೆ ಕ್ಲಿಪ್ಪರ್ಸ್ ಒಬ್ಬರನ್ನಲ್ಲ, ಇಬ್ಬರನ್ನು ಕೊಳ್ಳುತ್ತಿತ್ತು. ಪ್ರೆಸ್ಟಿ ಇಬ್ಬರ ಬೆಲೆ ಕೇಳಿದರು: ಗಿಲ್ಜಸ್ ಅಲೆಕ್ಸಾಂಡರ್, ಡನಿಲೊ ಗಲಿನಾರಿ, ಮೊದಲ ಸುತ್ತಿನ ಐದು ಪಿಕ್, ಎರಡು ವರ್ಷ ಅದಲುಬದಲಿನ ಹಕ್ಕು. ತನ್ನ ಆಟಗಾರ ಹೊರಡುತ್ತೇನೆ ಎಂದಾಗ ಹೆಚ್ಚಿನವರು ಸಿಕ್ಕಿದ್ದಕ್ಕೆ ಕೈಯೊಡ್ಡುತ್ತಾರೆ. ಇಲ್ಲಿ ಕೈಯೊಡ್ಡಬೇಕಾದವರು ಎದುರಿನವರು ಎಂದು ಗುರುತಿಸಿದ್ದೇ ಜಾಣತನ.

ಆಗ ಗಿಲ್ಜಸ್ ಅಲೆಕ್ಸಾಂಡರ್‌ಗೆ ಇನ್ನೂ 20 ವರ್ಷ. ಮೊದಲ ಋತುವಿನ ಸರಾಸರಿ 10.8 ಅಂಕ. 2024-25ರಲ್ಲಿ 32.7 ಅಂಕ ಗಳಿಸಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯ ಜೊತೆಗೆ ಫೈನಲ್‌ನ ಪ್ರಶಸ್ತಿಯನ್ನೂ ಗೆಲ್ಲುತ್ತಾರೆಂದು 2019ರಲ್ಲಿ ಪ್ರೆಸ್ಟಿಗೂ ಗೊತ್ತಿರಲಿಲ್ಲ. ಹಾಗೆ ಗೊತ್ತಿತ್ತು ಎಂದು ಹೇಳುವುದು ಭಕ್ತಿ, ವಿಮರ್ಶೆಯಲ್ಲ. ಆತ ಸಾಧಾರಣ ಆಟಗಾರನಾಗಿ ಉಳಿದಿದ್ದರೂ ಆ ವಿನಿಮಯ ಒಳ್ಳೆಯದೇ, ಏಕೆಂದರೆ ಐದು ಪಿಕ್‌ಗಳು ಬೇರೆಯೇ ಇದ್ದವು. ಅವುಗಳಲ್ಲೊಂದು ಜೇಲನ್ ವಿಲಿಯಮ್ಸ್ ಆಯಿತು. 2025ರ ಫೈನಲ್‌ನ ಐದನೆಯ ಪಂದ್ಯದಲ್ಲಿ 40 ಅಂಕ ಹೊಡೆದವರು ಅವರೇ.

ಹಾಗಾದರೆ 2012ರಲ್ಲಿ ಹಾರ್ಡನ್‌ರನ್ನು ಕೊಟ್ಟದ್ದು? ಅದೂ ಒಳ್ಳೆಯ ನಿರ್ಧಾರವೇ?

ಅಲ್ಲ. ಇದೇ ಅಳತೆಗೋಲಿನಲ್ಲಿ ಅಳೆದರೂ ಅಲ್ಲ.

ಸನ್ನಿವೇಶ ಇದು: 23 ವರ್ಷದ ಹಾರ್ಡನ್ ಬದಲಿ ಆಟಗಾರರಲ್ಲೇ ಶ್ರೇಷ್ಠ ಎಂಬ ಪ್ರಶಸ್ತಿ ಆಗಷ್ಟೇ ಪಡೆದಿದ್ದರು. ಡ್ಯುರಾಂಟ್, ವೆಸ್ಟ್‌ಬ್ರೂಕ್ ಇಬ್ಬರಿಗೂ ಗರಿಷ್ಠ ಸಂಬಳ ನಿಗದಿಯಾಗಿತ್ತು, ಆ ಆಗಸ್ಟ್‌ನಲ್ಲಿ ಸರ್ಜ್ ಇಬಾಕಾಗೂ ದೊಡ್ಡ ಒಪ್ಪಂದ ಆಗಿತ್ತು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಹೊಸ ಕಾರ್ಮಿಕ ಒಪ್ಪಂದದಿಂದ ಮಿತಿ ಮೀರಿದವರ ಮೇಲಿನ ತೆರಿಗೆ ಭಾರಿಯಾಗುವುದಿತ್ತು. ಗರಿಷ್ಠ ಸಂಬಳಕ್ಕಿಂತ ತುಸು ಕಡಿಮೆಯ ಒಪ್ಪಂದಕ್ಕೆ ಹಾರ್ಡನ್ ಒಪ್ಪಲಿಲ್ಲ. ಗಡುವು ಅಕ್ಟೋಬರ್ 31. ಅದಕ್ಕೆ ಕೆಲವೇ ದಿನ ಮೊದಲು ಅವರನ್ನು ಹ್ಯೂಸ್ಟನ್‌ಗೆ ಕಳುಹಿಸಿ ಕೆವಿನ್ ಮಾರ್ಟಿನ್, ಜೆರೆಮಿ ಲ್ಯಾಂಬ್ ಮತ್ತು ಪಿಕ್‌ಗಳನ್ನು ಪಡೆದರು. ಆ ಪಿಕ್‌ಗಳಲ್ಲಿ ಒಂದು ಸ್ಟೀವನ್ ಆಡಮ್ಸ್ ಆಯಿತು, ಅದಷ್ಟೇ ಬಾಳಿಕೆ ಬಂದದ್ದು.

ಓಕ್ಲಹೋಮ ಚಿಕ್ಕ ಊರು, ಮಾಲೀಕರಿಗೆ ತೆರಿಗೆಯ ಭಯ ಎಂದು ಸಮರ್ಥಿಸುವವರಿದ್ದಾರೆ. ಆದರೆ ಎರಡು ದಾರಿ ತೆರೆದಿದ್ದವು. ಒಂದು, ಆ ಋತು ಹಾರ್ಡನ್‌ರನ್ನು ಆಡಿಸಿ ಮುಂದಿನ ಬೇಸಿಗೆಯಲ್ಲಿ ತೀರ್ಮಾನಿಸುವುದು. ಬೇರೆ ತಂಡ ಎಷ್ಟೇ ಕೊಡಲು ಬಂದರೂ ಅಷ್ಟನ್ನೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಥಂಡರ್‌ಗಿತ್ತು. ಇನ್ನೊಂದು, ಆ ವರ್ಷಗಳಲ್ಲಿ ಇದ್ದ ಅಮ್ನೆಸ್ಟಿ ನಿಯಮದ ಅಡಿಯಲ್ಲಿ ಕೆಂಡ್ರಿಕ್ ಪರ್ಕಿನ್ಸ್ ಅವರ ಒಪ್ಪಂದವನ್ನು ಲೆಕ್ಕದಿಂದ ತೆಗೆಯುವುದು. ಎರಡೂ ಅಂದೇ ಕಾಣುತ್ತಿದ್ದ ದಾರಿಗಳು, ಈಗ ಕುಳಿತು ಹುಡುಕಿದವಲ್ಲ. ಫೈನಲ್ ತಲುಪಿದ ತಂಡವನ್ನು ಸಂಬಳದ ಅಲ್ಪ ವ್ಯತ್ಯಾಸಕ್ಕೆ ಗಡುವಿನ ಮೊದಲೇ ಬಿಚ್ಚಿದ್ದು ಅವಸರ. 2013ರ ಪ್ಲೇಆಫ್‌ನಲ್ಲಿ ವೆಸ್ಟ್‌ಬ್ರೂಕ್ ಮೊಣಕಾಲಿಗೆ ಗಾಯವಾದಾಗ, ಚೆಂಡು ಹಿಡಿದು ಆಟ ನಡೆಸಬಲ್ಲ ಹಾರ್ಡನ್ ಥಂಡರ್‌ನಲ್ಲಿ ಇರಲಿಲ್ಲ.

ಡ್ಯುರಾಂಟ್ ಬಿಟ್ಟುಹೋದದ್ದಕ್ಕೂ ಅವರೇ ಹೊಣೆಯೇ?

ಅದರಲ್ಲಿ ಅವರ ಪಾಲು ಕಡಿಮೆ. 2016ರಲ್ಲಿ ಹೊಸ ಟಿವಿ ಒಪ್ಪಂದದ ಹಣ ಬಂದು ಸಂಬಳದ ಮಿತಿ 7 ಕೋಟಿ ಡಾಲರ್‌ನಿಂದ ಒಂದೇ ನೆಗೆತಕ್ಕೆ 9.4 ಕೋಟಿಗೆ ಏರಿತು. ಅದೇ ಋತುವಿನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್‌ಗೂ ಅದರಿಂದಾಗಿ ಇನ್ನೊಬ್ಬ ದೊಡ್ಡ ಆಟಗಾರನಿಗೆ ಜಾಗವಾಯಿತು. ಆ ತಂಡದ ಎದುರು ಸೆಮಿಫೈನಲ್‌ನಲ್ಲಿ 3-1ರ ಮುನ್ನಡೆ ಕಳೆದುಕೊಂಡ ಕೆಲವೇ ವಾರಗಳಲ್ಲಿ ಡ್ಯುರಾಂಟ್ ಅಲ್ಲಿಗೇ ಹೋದರು. ಒಪ್ಪಂದ ಮುಗಿದಿದ್ದರಿಂದ ಪ್ರೆಸ್ಟಿ ಕೈಗೆ ಪ್ರತಿಯಾಗಿ ಏನೂ ಬರಲಿಲ್ಲ. ಡ್ಯುರಾಂಟ್ ಅವರನ್ನು ಒಂದು ವರ್ಷ ಮೊದಲೇ ಮಾರಬೇಕಿತ್ತು ಎನ್ನುವವರು, ಫೈನಲ್ ಹೊಸ್ತಿಲಲ್ಲಿದ್ದ ತಂಡದ ನಾಯಕನನ್ನು ಮಾರಿದ ಜನರಲ್ ಮ್ಯಾನೇಜರ್‌ನ್ನು ಆ ಊರಿನವರು ಏನು ಮಾಡುತ್ತಿದ್ದರೆಂದೂ ಹೇಳಬೇಕು.

ಪಿಕ್‌ಗಳನ್ನು ರಾಶಿ ಹಾಕುವುದೇ ಒಂದು ತಂತ್ರವೇ?

ರಾಶಿ ಹಾಕುವುದು ಸುಲಭ, ಖರ್ಚು ಮಾಡುವುದು ಕಷ್ಟ. ಇಲ್ಲಿ ಪ್ರೆಸ್ಟಿಯವರ ಒಂದು ಸರಪಳಿಯನ್ನು ಬಿಡಿಸಿ ನೋಡಬೇಕು; ಅವರನ್ನು ಹೊಗಳುವವರು ಇದನ್ನು ಹೇಳುವುದು ಕಡಿಮೆ.

2021ರ ಡ್ರಾಫ್ಟ್‌ನಲ್ಲಿ ಥಂಡರ್ ಕೈಯಲ್ಲಿ 16ನೆಯ ಪಿಕ್ ಇತ್ತು. ಅದನ್ನು ಹ್ಯೂಸ್ಟನ್‌ಗೆ ಕೊಟ್ಟು ಮುಂದಿನ ವರ್ಷಗಳ ಎರಡು ಪಿಕ್ ಪಡೆದರು. ಹ್ಯೂಸ್ಟನ್ ಅದರಲ್ಲಿ ಆರಿಸಿದ್ದು ತುರ್ಕಿಯ ಆಲ್ಪೆರೆನ್ ಶೆಂಗೂನ್ ಅವರನ್ನು. 2025ರಲ್ಲಿ ಅವರು ಲೀಗಿನ ತಾರೆಯರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಇತ್ತ ಪ್ರೆಸ್ಟಿ ಆ ಎರಡು ಪಿಕ್‌ಗಳ ಜೊತೆಗೆ ಇನ್ನೊಂದನ್ನು ಸೇರಿಸಿ 2022ರಲ್ಲಿ ನ್ಯೂಯಾರ್ಕ್‌ಗೆ ಕೊಟ್ಟು 11ನೆಯ ಪಿಕ್ ಕೊಂಡು, ಉಸ್ಮಾನ್ ಜೆಂಗ್ ಅವರನ್ನು ಆರಿಸಿದರು. ಕಪ್ ಗೆದ್ದ ತಂಡದಲ್ಲಿ ಜೆಂಗ್‌ಗೆ ಸಿಕ್ಕ ಆಟ ಅತ್ಯಲ್ಪ. ತಮಾಷೆಯೆಂದರೆ ಮುಂದಿನ ಪಿಕ್, ಅಂದರೆ 12ನೆಯದು, ಮೊದಲೇ ಅವರ ಬಳಿ ಇತ್ತು. ಅದರಲ್ಲೇ ಜೇಲನ್ ವಿಲಿಯಮ್ಸ್ ಬಂದದ್ದು. ಮೂರು ಪಿಕ್ ಸುರಿದು ಕೊಂಡದ್ದಕ್ಕಿಂತ ಪಕ್ಕದ ಪಿಕ್ ಎಷ್ಟೋ ಪಾಲು ಮೇಲಾಯಿತು.

ಇದರಿಂದ ಪ್ರೆಸ್ಟಿ ಆಯ್ಕೆಯಲ್ಲಿ ದಡ್ಡರು ಎಂದಾಗುವುದಿಲ್ಲ. ಡ್ರಾಫ್ಟ್‌ನಲ್ಲಿ ಯಾರ ಕಣ್ಣೂ ಪೂರ್ತಿ ಸರಿಯಿಲ್ಲ. ಮುಂದೆ ಅತ್ಯಮೂಲ್ಯ ಆಟಗಾರರಾದ ನಿಕೊಲಾ ಯೋಕಿಚ್ 2014ರಲ್ಲಿ 41ನೆಯವರಾಗಿ ಹೋದರು. ರಾಶಿ ದೊಡ್ಡದಿದ್ದವರು ಇಂಥ ತಪ್ಪನ್ನು ತಡೆದುಕೊಳ್ಳುತ್ತಾರೆ, ಕೈಯಲ್ಲಿ ಎರಡೇ ಪಿಕ್ ಇದ್ದವರು ಮುಳುಗುತ್ತಾರೆ. ರಾಶಿಯ ನಿಜವಾದ ಉಪಯೋಗ ಇಷ್ಟೇ.

ಎಲ್ಲಿ ನೋಡಿದರೆ ಒಬ್ಬ ಜನರಲ್ ಮ್ಯಾನೇಜರ್‌ನ ಕೈಚಳಕ ಸ್ಪಷ್ಟವಾಗಿ ಕಾಣುತ್ತದೆ?

ಯಾರೂ ಸುದ್ದಿ ಮಾಡದ ಸಹಿಗಳಲ್ಲಿ. ಎರಡನೆಯ ಪಿಕ್ ಕೈಗೆ ಬಂದಾಗ ಡ್ಯುರಾಂಟ್ ಅವರನ್ನು ಆರಿಸಲು ದಿವ್ಯದೃಷ್ಟಿ ಬೇಕಿರಲಿಲ್ಲ. ಯಾರೂ ಆರಿಸದ ಲೂ ಡಾರ್ಟ್ ಅವರನ್ನು ಕರೆತಂದು ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರರ ಸಾಲಿಗೆ ಸೇರಿಸುವುದು, 2021ರ 55ನೆಯ ಪಿಕ್‌ನಲ್ಲಿ ಆರನ್ ವಿಗಿನ್ಸ್, 2024ರ 38ನೆಯ ಪಿಕ್‌ನಲ್ಲಿ ಏಜೇ ಮಿಚೆಲ್, 2022ರಲ್ಲಿ ಫಿಲಡೆಲ್ಫಿಯಾ ಕೈಬಿಟ್ಟ ಐಸಾಯಾ ಜೋ: ಇವೆಲ್ಲ ಒಮ್ಮೆಯಾದರೆ ಅದೃಷ್ಟ ಎನ್ನಬಹುದು, ಇಷ್ಟು ಸಲವಾದರೆ ಆ ಕಚೇರಿಯಲ್ಲಿ ಕೆಲಸ ಬಲ್ಲವರಿದ್ದಾರೆ ಎನ್ನಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು 2024ರ ಜೂನ್‌ನಲ್ಲಿ ನಡೆದದ್ದು. ತಾನೇ ಆರನೆಯ ಪಿಕ್‌ನಲ್ಲಿ ಆರಿಸಿದ 21 ವರ್ಷದ ಗಿಡಿಯವರನ್ನು ಕೊಟ್ಟು 30 ವರ್ಷದ ಅಲೆಕ್ಸ್ ಕರೂಸೊ ಅವರನ್ನು ತಂದರು. ಒಂದು ಪಿಕ್ಕನ್ನೂ ಕೇಳಲಿಲ್ಲ. ಪಿಕ್ ಎಣಿಸುವವರು ಹುಬ್ಬೇರಿಸಿದರು. ಆದರೆ ಗಿಲ್ಜಸ್ ಅಲೆಕ್ಸಾಂಡರ್, ವಿಲಿಯಮ್ಸ್ ಇಬ್ಬರೂ ಚೆಂಡು ಹಿಡಿದೇ ಆಡುವವರು. ಗಿಡಿಯೂ ಅದೇ ಜಾತಿ, ದೂರದಿಂದ ಗುರಿ ಇಡುವುದರಲ್ಲಿ ದುರ್ಬಲ, ಎದುರಾಳಿಗಳು ಅವರನ್ನು ಖಾಲಿ ಬಿಟ್ಟು ಉಳಿದವರನ್ನು ಮುತ್ತುತ್ತಿದ್ದರು. ಅದು 2024ರ ಪ್ಲೇಆಫ್‌ನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ತನ್ನ ಆಯ್ಕೆಯ ಮೇಲಿನ ಮೋಹ ಬಿಟ್ಟು ತಂಡಕ್ಕೆ ಬೇಕಾದವರನ್ನು ತರುವುದು ಈ ಹುದ್ದೆಯಲ್ಲಿ ಅಪರೂಪದ ಗುಣ. ಮುಂದಿನ ತಿಂಗಳೇ ಹಾರ್ಟೆನ್‌ಸ್ಟೈನ್ ಅವರಿಗೆ ಮೂರು ವರ್ಷಕ್ಕೆ 8.7 ಕೋಟಿ ಡಾಲರ್. ಹೋಮ್‌ಗ್ರೆನ್, ವಿಲಿಯಮ್ಸ್ ಇನ್ನೂ ಹೊಸಬರ ಸಂಬಳದಲ್ಲಿದ್ದುದರಿಂದಲೇ ಅಷ್ಟು ಹಣ ಉಳಿದಿತ್ತು.

ಎಲ್ಲ ಸಣ್ಣ ವಿನಿಮಯವೂ ಫಲಿಸಲಿಲ್ಲ ಎಂಬುದನ್ನೂ ಬರೆದುಕೊಳ್ಳಿ. 2024ರ ಫೆಬ್ರುವರಿಯಲ್ಲಿ ತಂದ ಗೋರ್ಡನ್ ಹೇವರ್ಡ್ ಯಾವ ಕೆಲಸಕ್ಕೂ ಬರಲಿಲ್ಲ. ಋತು ಮುಗಿದ ಮೇಲೆ ಪ್ರೆಸ್ಟಿಯವರೇ ಅದನ್ನು ಒಪ್ಪಿಕೊಂಡರು.

ಒಂದು ವಿನಿಮಯದಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕೇ?

2017ರಲ್ಲಿ ಇಂಡಿಯಾನಾದ ಪಾಲ್ ಜಾರ್ಜ್ ಓಕ್ಲಹೋಮಕ್ಕೆ, ವಿಕ್ಟರ್ ಓಲಾಡಿಪೊ ಮತ್ತು ಡೊಮಾಂಟಾಸ್ ಸಬೋನಿಸ್ ಇಂಡಿಯಾನಾಗೆ. ಅಂದು ಇಂಡಿಯಾನಾದ ಕೆವಿನ್ ಪ್ರಿಚರ್ಡ್ ಅವರನ್ನು ಎಲ್ಲರೂ ನಕ್ಕು ಬೈದರು. ಐದು ವರ್ಷದ ಮೇಲೆ ಪ್ರಿಚರ್ಡ್ ಅದೇ ಸಬೋನಿಸ್ ಅವರನ್ನು ಸ್ಯಾಕ್ರಮೆಂಟೊಗೆ ಕೊಟ್ಟು ಹ್ಯಾಲಿಬರ್ಟನ್ ಅವರನ್ನು ತಂದರು. ಇತ್ತ ಜಾರ್ಜ್ ಅವರಿಂದ ಗಿಲ್ಜಸ್ ಅಲೆಕ್ಸಾಂಡರ್, ವಿಲಿಯಮ್ಸ್ ಬಂದರು. 2025ರ ಫೈನಲ್‌ನಲ್ಲಿ ಎದುರುಬದುರು ನಿಂತ ಎರಡು ತಂಡಗಳ ನಾಯಕರ ಬೇರೂ ಅದೇ ಒಂದು ವಿನಿಮಯದಲ್ಲಿದೆ. ಮರುದಿನವೇ ಪತ್ರಿಕೆಗಳಲ್ಲಿ ಬರುವ ಅಂಕಪಟ್ಟಿಗಳನ್ನು ಇದರ ಪಕ್ಕ ಇಟ್ಟು ಓದಿ.

ಅಂದರೆ ಯಾವ ವಿನಿಮಯವನ್ನೂ ಆ ದಿನವೇ ಅಳೆಯಬಾರದೇ?

ಕೆಲವನ್ನು ಅಳೆಯಬಹುದು. 2025ರ ಫೆಬ್ರುವರಿಯಲ್ಲಿ ಡಾಲಸ್‌ನ ನಿಕೊ ಹ್ಯಾರಿಸನ್ ಲೀಗಿನ ಶ್ರೇಷ್ಠರಲ್ಲೊಬ್ಬರಾದ 25 ವರ್ಷದ ಲೂಕಾ ಡೊಂಚಿಚ್ ಅವರನ್ನು ಲೇಕರ್ಸ್‌ಗೆ ಕೊಟ್ಟು ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು ಮೊದಲ ಸುತ್ತಿನ ಒಂದೇ ಒಂದು ಪಿಕ್ ಪಡೆದರು. ಡೊಂಚಿಚ್ ಮುಂದೆ ಹೇಗಾದರೂ ಆಡಲಿ, ಬೇರೆ ತಂಡಗಳಿಗೆ ವಿಷಯವೇ ತಿಳಿಯದಂತೆ ಒಬ್ಬರ ಜೊತೆಯಲ್ಲೇ ಗುಟ್ಟಾಗಿ ಬೆಲೆ ಕುದುರಿಸಿದ್ದು ಆ ದಿನವೇ ತಪ್ಪು. ಪ್ರೆಸ್ಟಿ 2019ರಲ್ಲಿ ಎದುರಿನವರ ಅವಸರವನ್ನು ನಗದು ಮಾಡಿಕೊಂಡರೆ, ಇಲ್ಲಿ ಎದುರಿನವರಿಗೆ ಅವಸರವೇ ಇರಲಿಲ್ಲ. ಆಮೇಲೆ ಶೇ 1.8ರ ಸಾಧ್ಯತೆಯಲ್ಲಿ ಲಾಟರಿ ಹೊಡೆದು ಡಾಲಸ್‌ಗೆ ಮೊದಲ ಪಿಕ್ ಬಂತು, ಅದರಲ್ಲಿ ಕೂಪರ್ ಫ್ಲ್ಯಾಗ್ ಸಿಕ್ಕರು. ಅದನ್ನು ಹ್ಯಾರಿಸನ್ ಖಾತೆಗೆ ಜಮೆ ಮಾಡುವವರಿಲ್ಲ. ನವೆಂಬರ್‌ನಲ್ಲಿ ಅವರನ್ನು ಮನೆಗೆ ಕಳುಹಿಸಿದರು.

ಕೋಚ್ ಮತ್ತು ಮಾಲೀಕರಿಗೆ ಸೇರಬೇಕಾದ ಶ್ರೇಯಸ್ಸು ಎಷ್ಟು?

ಬಹಳ. ಮಾರ್ಕ್ ಡೇಗ್ನಾಲ್ಟ್ ಥಂಡರ್‌ನ ಕಿರಿಯ ತಂಡಕ್ಕೆ ಕೋಚ್ ಆಗಿದ್ದವರು. 2020ರಲ್ಲಿ ಮುಖ್ಯ ಕೋಚ್ ಆಗಿ ಮೊದಲೆರಡು ವರ್ಷ ಸೋತದ್ದೇ ಸೋತದ್ದು. ಬೇರೆ ಕಡೆ ಆಗಿದ್ದರೆ ಅವರ ತಲೆ ಹೋಗುತ್ತಿತ್ತು. ಮಾಲೀಕ ಕ್ಲೇ ಬೆನೆಟ್ ಹಾಗೆ ಮಾಡಲಿಲ್ಲ, ಪ್ರೆಸ್ಟಿಯವರನ್ನೂ ಮುಟ್ಟಲಿಲ್ಲ. ಹಿಂಕಿಗೆ ಮೂರು ವರ್ಷ ಸಿಕ್ಕರೆ ಪ್ರೆಸ್ಟಿಗೆ ಕಪ್ ಬರುವ ಹೊತ್ತಿಗೆ 18 ವರ್ಷ ಸಿಕ್ಕಿತ್ತು. ಇಬ್ಬರನ್ನು ಹೋಲಿಸುವವರು ಈ ಅಂತರವನ್ನು ಮೊದಲು ಕಳೆಯಬೇಕು. ಎದುರಾಳಿ ತಂಡಗಳ ಆಡಳಿತಗಾರರೇ ಮತ ಹಾಕುವ ವರ್ಷದ ಆಡಳಿತಗಾರ ಪ್ರಶಸ್ತಿ ಕೂಡ ಪ್ರೆಸ್ಟಿಗೆ ಮೊದಲ ಸಲ ಸಿಕ್ಕಿದ್ದು 2025ರಲ್ಲಿ.

ಸಿಯಾಟಲ್ ಜನ ಇದನ್ನೆಲ್ಲ ಹೇಗೆ ನೋಡುತ್ತಾರೆ?

ಕಹಿಯಾಗಿ. 1979ರಲ್ಲಿ ಕಪ್ ಗೆದ್ದಿದ್ದ ತಂಡ ಅವರದು. 2008ರಲ್ಲಿ ಮಾಲೀಕರು ಎತ್ತಿಕೊಂಡು ಹೋದರು. ಆ ನಿರ್ಧಾರ ಪ್ರೆಸ್ಟಿಯವರದಲ್ಲ. ಡ್ಯುರಾಂಟ್ ಅವರ ಮೊದಲ ಒಂದು ಋತು ನೋಡಿದ್ದಷ್ಟೇ ಆ ಊರಿನ ಪಾಲಿಗೆ ಉಳಿದದ್ದು.

ಇನ್ನು ಮುಂದೆ ಅವರ ಯಾವ ಕೆಲಸವನ್ನು ಗಮನಿಸಬೇಕು?

ಉಳಿಸಿಕೊಳ್ಳುವ ಕೆಲಸವನ್ನು. 1977ರ ಪೋರ್ಟ್‌ಲ್ಯಾಂಡ್ ನಂತರ ಕಪ್ ಗೆದ್ದ ಅತಿ ಕಿರಿಯ ತಂಡ ಇದು, ಹಾಗಾಗಿ ವಯಸ್ಸಿನ ಚಿಂತೆಯಿಲ್ಲ, ಚಿಂತೆ ಸಂಬಳದ್ದು. 2025ರ ಜುಲೈನಲ್ಲಿ ಗಿಲ್ಜಸ್ ಅಲೆಕ್ಸಾಂಡರ್ ನಾಲ್ಕು ವರ್ಷಕ್ಕೆ ಸುಮಾರು 28.5 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಅದು 2027-28ರಿಂದ ಜಾರಿ. ಹೋಮ್‌ಗ್ರೆನ್ ಮತ್ತು ವಿಲಿಯಮ್ಸ್ ಅವರ ಐದೈದು ವರ್ಷಗಳ ದೊಡ್ಡ ಒಪ್ಪಂದಗಳು 2026-27ರಿಂದಲೇ ಶುರು. 2023ರ ಕಾರ್ಮಿಕ ಒಪ್ಪಂದದಲ್ಲಿ ಎರಡನೆಯ ಏಪ್ರನ್ ಎಂಬ ಗೆರೆ ಎಳೆದಿದ್ದಾರೆ. ಅದನ್ನು ದಾಟಿದ ತಂಡ ಇಬ್ಬರು ಮೂವರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಪಿಕ್ ಮಾರುವಂತಿಲ್ಲ. 2024ರಲ್ಲಿ ಕಪ್ ಗೆದ್ದ ಬಾಸ್ಟನ್ ಈ ಗೆರೆಯ ಭಯಕ್ಕೇ ಮರುವರ್ಷ ಜ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅವರನ್ನು ಕಳುಹಿಸಿತು.

2012ರಲ್ಲಿ ಹಾರ್ಡನ್ ವಿಷಯದಲ್ಲಿ ಎದುರಾದ ಲೆಕ್ಕವೇ ಇದು, ಅಂಕಿಗಳು ದೊಡ್ಡವು ಅಷ್ಟೇ. ಈ ಸಲ ಒಂದು ಅನುಕೂಲವಿದೆ: ಹಾರ್ಟೆನ್‌ಸ್ಟೈನ್ ಮತ್ತು ಡಾರ್ಟ್ ಇಬ್ಬರ ಒಪ್ಪಂದಗಳಲ್ಲೂ 2026-27ರ ಋತುವನ್ನು ಮುಂದುವರಿಸುವ ಅಥವಾ ಕೈಬಿಡುವ ಹಕ್ಕನ್ನು ಪ್ರೆಸ್ಟಿ ತಂಡದ ಕೈಯಲ್ಲೇ ಇಟ್ಟುಕೊಂಡಿದ್ದರು, ಸರಿಯಾಗಿ ದೊಡ್ಡ ಸಂಬಳಗಳು ಶುರುವಾಗುವ ವರ್ಷಕ್ಕೆ. ಅವರು ಹೋದರೆ ಆ ಜಾಗಕ್ಕೆ ಕಡಿಮೆ ಸಂಬಳದ ಹೊಸಬರು ಪಿಕ್ ರಾಶಿಯಿಂದಲೇ ಬರಬೇಕು. ಕ್ಲಿಪ್ಪರ್ಸ್‌ನ 2026ರ ಮೊದಲ ಸುತ್ತಿನ ಪಿಕ್ ಕೂಡ ಪಾಲ್ ಜಾರ್ಜ್ ಲೆಕ್ಕದಲ್ಲೇ ಥಂಡರ್‌ಗೆ ಸೇರಿದ್ದು.